ಹಳೆಯ ಕಂಪ್ರೆಸರ್ ಭಾಗಗಳು, ಹಳೆಯ ಟ್ಯಾಂಕುಗಳು: ಮನೆಯ ವರ್ಕ್‌ಶಾಪಿಗೆ ಮರುಬಳಕೆಯ ಕೈಪಿಡಿ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಮೇಟಗಳ್ಳಿಯ ಕೈಗಾರಿಕಾ ಪ್ರದೇಶಗಳ ಆಸುಪಾಸಿನಲ್ಲಾಗಲಿ, ಮಂಡ್ಯದ ತೂಬಿನಕೆರೆಯ ಕಡೆಯಲ್ಲಾಗಲಿ ಗುಜರಿ ಅಂಗಡಿಗಳಿಗೆ ಬರವಿಲ್ಲ. ಪಂಕ್ಚರ್ ಅಂಗಡಿಯವರು ಮಾರಿದ ಬೆಲ್ಟ್ ಕಂಪ್ರೆಸರ್, ಫ್ರಿಜ್ಜಿನ ಬೆನ್ನಿನಿಂದ ಕಳಚಿದ ಕಪ್ಪು ಕಂಪ್ರೆಸರ್, ಲಾರಿಯ ಏರ್‌ಬ್ರೇಕ್ ಟ್ಯಾಂಕು, ಏಸಿ ಮೆಕ್ಯಾನಿಕ್‌ಗಳು ಬಿಸಾಡಿದ ಗ್ಯಾಸ್ ಡಬ್ಬ, ಇವೆಲ್ಲ ಅಲ್ಲಿ ಬಹುಮಟ್ಟಿಗೆ ಕಬ್ಬಿಣದ ತೂಕದ ಲೆಕ್ಕದಲ್ಲೇ ಕೈಗೆ ಬರುತ್ತವೆ. ಹಿತ್ತಲಿನ ಶೆಡ್ಡಿನಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರಿಗೆ ಇವುಗಳಿಂದ ಆಗುವ ಉಪಯೋಗ ದೊಡ್ಡದು. ಆದರೆ ಕೊಳ್ಳುವ ಮುನ್ನ ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೋಟರು, ಪುಲ್ಲಿ, ವಾಲ್ವು, ಸ್ವಿಚ್ಚು ಕೈಕೊಟ್ಟರೆ ಕೆಲಸ ನಿಲ್ಲುತ್ತದೆ, ಅಷ್ಟೆ. ಒತ್ತಡ ತುಂಬಿದ ಟ್ಯಾಂಕು ಕೈಕೊಟ್ಟರೆ ಪಕ್ಕದಲ್ಲಿ ನಿಂತವರ ಜೀವ ಉಳಿಯಲಿಕ್ಕಿಲ್ಲ. ಹೀಗಾಗಿ ಹಳೆಯ ಟ್ಯಾಂಕಿಗೆ ನನ್ನ ಲೆಕ್ಕದಲ್ಲಿ ಎರಡೇ ದಾರಿ: ನೀರಿನ ಪರೀಕ್ಷೆಯಲ್ಲಿ ಗೆದ್ದರೆ ಗಾಳಿ, ಸೋತರೆ ಗರಗಸ.

ಮುಟ್ಟಬಾರದ ಟ್ಯಾಂಕುಗಳು

ಮನೆಗೆ ಬರುವ 14.2 ಕಿಲೋ ಎಲ್‌ಪಿಜಿ ಸಿಲಿಂಡರ್ ಗ್ರಾಹಕರ ಸ್ವತ್ತಲ್ಲ. ನಾವು ಕಟ್ಟಿರುವುದು ಠೇವಣಿ ಮಾತ್ರ. ಸಿಲಿಂಡರ್ ಎಂದೆಂದಿಗೂ ತೈಲ ಕಂಪನಿಯದ್ದೇ. ಅದನ್ನು ಕತ್ತರಿಸಿ ಒಲೆಯನ್ನೋ ಗಾಳಿ ಟ್ಯಾಂಕನ್ನೋ ಮಾಡುವ ವಿಡಿಯೊಗಳು ಎಷ್ಟೇ ಇರಲಿ, ಬೇಡವಾದ ಸಿಲಿಂಡರನ್ನು ಏಜೆನ್ಸಿಗೆ ಒಪ್ಪಿಸಿ ಠೇವಣಿ ಹಿಂಪಡೆಯುವುದೇ ಸರಿಯಾದ ಮಾರ್ಗ. ಕಾನೂನನ್ನು ಬದಿಗಿಟ್ಟು ನೋಡಿದರೂ ಕಾರಣವಿದೆ. ಎಲ್‌ಪಿಜಿಯ ಜೊತೆ ಬರುವ ಎಣ್ಣೆಯಂಥ ಜಿಡ್ಡು ಸಿಲಿಂಡರಿನ ಒಳಗೋಡೆಗೆ ಅಂಟಿಕೊಂಡಿರುತ್ತದೆ, ವಾಲ್ವು ತೆರೆದಿಟ್ಟರೆ ಹೋಗುವುದಿಲ್ಲ, ಬಿಸಿ ತಾಗಿದಾಗ ಮತ್ತೆ ಆವಿಯಾಗುತ್ತದೆ. ಗಾಳಿಯಲ್ಲಿ ಎಲ್‌ಪಿಜಿಯ ಪಾಲು ಸುಮಾರು ಶೇ. 2ರಷ್ಟಾದರೆ ಸಾಕು, ಕಿಡಿಯೊಂದಕ್ಕೆ ಸ್ಫೋಟವಾಗುತ್ತದೆ.

ವೆಲ್ಡಿಂಗ್ ಅಂಗಡಿಯ ಅಸಿಟಿಲಿನ್ ಸಿಲಿಂಡರನ್ನು ಖಾಲಿ ಎಂದು ಯಾರೇ ಹೇಳಿದರೂ ನಂಬಬಾರದು. ಅದರೊಳಗೆ ಸಣ್ಣ ರಂಧ್ರಗಳಿಂದ ಕೂಡಿದ ಗಟ್ಟಿ ವಸ್ತುವೊಂದು ತುಂಬಿದ್ದು ಅದು ಅಸಿಟೋನ್ ಹೀರಿಕೊಂಡಿರುತ್ತದೆ. ಅನಿಲ ಮುಗಿದ ಮೇಲೂ ಬೆಂಕಿಯ ಸಾಮಗ್ರಿ ಒಳಗೇ ಇರುತ್ತದೆ. ಆಕ್ಸಿಜನ್, ಕಾರ್ಬನ್ ಡಯಾಕ್ಸೈಡ್, ಸಿಎನ್‌ಜಿ ಸಿಲಿಂಡರ್‌ಗಳು ಹೆಚ್ಚಿನ ಒತ್ತಡದ ವರ್ಗಕ್ಕೆ ಸೇರಿದವು. ಸಿಎನ್‌ಜಿಯದು 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ), ಅಂದರೆ ಪಂಕ್ಚರ್ ಅಂಗಡಿಯ ಗಾಳಿಯ ಇಪ್ಪತ್ತೈದು ಪಟ್ಟು. ಅಮೋನಿಯಾ, ಕ್ಲೋರಿನ್ ತುಂಬಿದ್ದ ಸಿಲಿಂಡರ್‌ಗಳಲ್ಲಿ ಉಳಿದಿರುವ ವಿಷವೇ ಸಾಕು. ಇವುಗಳಲ್ಲಿ ಯಾವುದೂ ಮನೆಯ ವರ್ಕ್‌ಶಾಪಿಗೆ ಬರಬಾರದು.

ಹಾಗಾದರೆ ಉಳಿಯುವುದು ಮೂರು ಬಗೆ. ಮೊದಲನೆಯದು ಹಳೆಯ ಏರ್ ಕಂಪ್ರೆಸರಿನದೇ ಟ್ಯಾಂಕು. ಎರಡನೆಯದು ಲಾರಿ, ಬಸ್ಸುಗಳ ಏರ್‌ಬ್ರೇಕ್ ಟ್ಯಾಂಕು. ಇದು ಗಾಳಿಗೆಂದೇ ತಯಾರಾದದ್ದು, ತಳದಲ್ಲಿ ನೀರು ಬಿಡುವ ವಾಲ್ವಿಗೆ ಜಾಗವಿರುತ್ತದೆ, ಗಾತ್ರವೂ ಅನುಕೂಲ, ಹೀಗಾಗಿ ನಾನು ಮೊದಲು ಹುಡುಕುವುದು ಇದನ್ನೇ. ಮೂರನೆಯದು ಏಸಿ ಮತ್ತು ಫ್ರಿಜ್ ಮೆಕ್ಯಾನಿಕ್‌ಗಳ ಬಳಿ ಸಿಗುವ, ಒಮ್ಮೆ ಬಳಸಿ ಬಿಸಾಡುವ ಗ್ಯಾಸ್ ಡಬ್ಬ. ಇದನ್ನು ಗಾಳಿ ಟ್ಯಾಂಕಾಗಿ ಬಳಸುವ ರೂಢಿ ಬಹಳ ಕಡೆ ಇದೆ. ಆದರೆ ಅದರ ತಗಡು ತೆಳು, ನೀರು ಹೊರಹೋಗಲು ತಳದಲ್ಲಿ ದಾರಿ ಇಲ್ಲ, ಒದ್ದೆ ಗಾಳಿ ತುಂಬಿದರೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮರುಭರ್ತಿಗೆ ಮಾಡಿದ ಡಬ್ಬವೇ ಅದಲ್ಲ. ಕತ್ತರಿಸಿ ಬಳಸುವ ಕೆಲಸಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಬೇಕು.

ಟ್ಯಾಂಕಿನ ತಪಾಸಣೆ

ಅಂಗಡಿಯಲ್ಲೇ ನೋಡಬೇಕಾದದ್ದು ನಾಮಫಲಕ. ಕೆಲಸದ ಒತ್ತಡ, ಪರೀಕ್ಷಾ ಒತ್ತಡ, ಲೀಟರ್ ಲೆಕ್ಕದ ಗಾತ್ರ ಮತ್ತು ತಯಾರಾದ ವರ್ಷ ಅದರಲ್ಲಿ ಇರಬೇಕು. ಫಲಕವಿಲ್ಲದ ಟ್ಯಾಂಕು ಎಷ್ಟೇ ಗಟ್ಟಿಯಾಗಿ ಕಂಡರೂ ಅದನ್ನು ಒತ್ತಡಕ್ಕೆ ಬಳಸುವುದು ಬೇಡ. ಫಲಕವಿದ್ದರೆ ಟ್ಯಾಂಕನ್ನು ಮಗುಚಿ ಹೊಟ್ಟೆಯ ಕೆಳಭಾಗವನ್ನು ನೋಡಬೇಕು, ಏಕೆಂದರೆ ನೀರು ನಿಲ್ಲುವುದು ಅಲ್ಲಿ, ತುಕ್ಕು ತಿನ್ನುವುದೂ ಅಲ್ಲಿಂದಲೇ. ಕೆಳಗಿನ ಪ್ಲಗ್ಗು ಬಿಚ್ಚಿದಾಗ ಒಂದಿಷ್ಟು ಕಂದು ನೀರು ಬರುವುದು ಸಹಜ. ಅದರ ಜೊತೆ ಉಗುರಿನಷ್ಟು ಅಗಲದ ತುಕ್ಕಿನ ಚಕ್ಕೆಗಳು ಬಿದ್ದರೆ ಬೆಲೆ ಕೇಳುವುದೂ ವ್ಯರ್ಥ. ಮೊಬೈಲಿಗೆ ಸಿಕ್ಕಿಸುವ ಕೇಬಲ್ ಕ್ಯಾಮೆರಾ ಈಗ ಅಗ್ಗಕ್ಕೆ ಸಿಗುತ್ತದೆ. ಅದನ್ನು ತೂತಿನೊಳಗೆ ಇಳಿಸಿ ತಳವನ್ನು ಉದ್ದಕ್ಕೂ ನೋಡಿದರೆ, ಸಮನಾಗಿ ಹರಡಿದ ಕೆಂಪು ತುಕ್ಕಿಗೂ ಗುಳಿ ಬಿದ್ದ ತುಕ್ಕಿಗೂ ಇರುವ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಗುಳಿ ಕಂಡರೆ ಆ ಟ್ಯಾಂಕು ಗರಗಸಕ್ಕೆ. ಹೊರಮೈಯಲ್ಲಿ ಯಾರೋ ತೇಪೆ ಹಾಕಿ ವೆಲ್ಡ್ ಮಾಡಿದ್ದರೂ ಅದೇ ತೀರ್ಮಾನ.

ಹೊಸದಾಗಿ ಬಣ್ಣ ಬಳಿದ ಟ್ಯಾಂಕನ್ನು ವಿಶೇಷವಾಗಿ ಅನುಮಾನಿಸಬೇಕು. ಗುಜರಿಯಲ್ಲಿ ಬಣ್ಣ ಬಳಿಯುವುದು ಸುಮ್ಮನೆ ಅಲ್ಲ.

ಇಷ್ಟೆಲ್ಲ ಎಚ್ಚರ ಏಕೆಂಬುದಕ್ಕೆ ಒಂದು ಲೆಕ್ಕ ಸಾಕು. 50 ಲೀಟರ್ ಟ್ಯಾಂಕಿನಲ್ಲಿ 8 ಬಾರ್, ಅಂದರೆ ಸುಮಾರು 116 ಪಿಎಸ್‌ಐ ಗಾಳಿ ತುಂಬಿದಾಗ ಅದರಲ್ಲಿ ಅಡಗಿರುವ ಶಕ್ತಿ ಸುಮಾರು 50 ಕಿಲೋಜೂಲ್. 50 ಕಿಲೋ ಸಿಮೆಂಟ್ ಮೂಟೆಯೊಂದು ನೂರು ಮೀಟರ್ ಎತ್ತರದಿಂದ ಬಿದ್ದರೆ ನೆಲಕ್ಕೆ ತಾಗುವ ಹೊಡೆತ ಅಷ್ಟೇ ಇರುತ್ತದೆ. ಅದೇ ಟ್ಯಾಂಕಿನಲ್ಲಿ ಅದೇ ಒತ್ತಡದ ನೀರಿದ್ದರೆ, ನೀರು ಹೆಚ್ಚು ಕುಗ್ಗುವುದಿಲ್ಲವಾದ್ದರಿಂದ, ಬಿರುಕು ಬಿಟ್ಟಾಗ ಒಂದು ಚಿಲುಮೆ ಚಿಮ್ಮಿ ಒತ್ತಡ ಸೊನ್ನೆಗೆ ಇಳಿಯುತ್ತದೆ. ಟ್ಯಾಂಕಿನ ಬಲಾಬಲವನ್ನು ನೀರಿನಿಂದಲೇ ನೋಡಬೇಕು, ಗಾಳಿ ತುಂಬಿ ನೋಡಬಾರದು ಎನ್ನುವುದು ಇದಕ್ಕೇ.

ನೀರಿನ ಪರೀಕ್ಷೆ

ಹೊಸ ಮನೆಗಳಲ್ಲಿ ಪೈಪ್‌ಲೈನ್ ಸೋರುತ್ತದೆಯೇ ಎಂದು ನೋಡಲು ಪ್ಲಂಬರ್‌ಗಳು ಬಳಸುವ ಕೈಪಂಪು ಈ ಕೆಲಸಕ್ಕೆ ಸರಿಯಾಗಿ ಹೊಂದುತ್ತದೆ. ಪರಿಚಯದ ಪ್ಲಂಬರ್ ಇದ್ದರೆ ಒಂದು ದಿನದ ಮಟ್ಟಿಗೆ ಎರವಲು ಸಿಗುತ್ತದೆ. ಮೊದಲು ಟ್ಯಾಂಕಿನ ಹಳೆಯ ಬಣ್ಣವನ್ನು ವೈರ್ ಬ್ರಷ್‌ನಿಂದ ಉಜ್ಜಿ ಜೋಡಣೆಯ ಗೆರೆಗಳೆಲ್ಲ ಕಾಣುವಂತೆ ಮಾಡಬೇಕು. ಟೈಲರ್ ಟೇಪಿನಿಂದ ಹೊಟ್ಟೆಯ ಸುತ್ತಳತೆಯನ್ನು ಎರಡು ಮೂರು ಕಡೆ ಅಳೆದು, ಅಳೆದ ಜಾಗವನ್ನು ಚಾಕ್‌ನಿಂದ ಗುರುತಿಸಿ ಬರೆದಿಟ್ಟುಕೊಳ್ಳಬೇಕು. ಆಮೇಲೆ ಒಂದು ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಟ್ಯಾಂಕನ್ನು ಓರೆಯಾಗಿ ಆನಿಸಿ, ಅದರ ಮೂಲಕ ನೀರು ತುಂಬಿ, ಮೈಯನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಒಳಗೆ ಸಿಕ್ಕಿಕೊಂಡಿದ್ದ ಗುಳ್ಳೆಗಳು ಮೇಲೆ ಬರುತ್ತವೆ. ಗಾಳಿ ಪೂರ್ತಿ ಹೊರಹೋಗುವವರೆಗೆ ಈ ಹಂತದಲ್ಲಿ ಅವಸರ ಮಾಡಬಾರದು. ಒಳಗೆ ಗಾಳಿ ಉಳಿದಷ್ಟೂ ಅಪಾಯವೂ ಉಳಿಯುತ್ತದೆ.

ಉಳಿದ ತೂತುಗಳಿಗೆ ಟೆಫ್ಲಾನ್ ಟೇಪು ಸುತ್ತಿದ ಕಬ್ಬಿಣದ ಪ್ಲಗ್ ಹಾಕಿ, ಪಂಪನ್ನು ಜೋಡಿಸಿ, ನಾಮಫಲಕದ ಕೆಲಸದ ಒತ್ತಡದ ಒಂದೂವರೆ ಪಟ್ಟಿನವರೆಗೆ ಹಂತ ಹಂತವಾಗಿ ಏರಿಸಬೇಕು. ಫಲಕದಲ್ಲಿ 8 ಬಾರ್ ಇದ್ದರೆ 12 ಬಾರ್. ಫಲಕದಲ್ಲಿ ಬರೆದ ಪರೀಕ್ಷಾ ಒತ್ತಡ ಇದಕ್ಕಿಂತ ಕಡಿಮೆಯಿದ್ದರೆ ಅದನ್ನು ಮೀರಬಾರದು. ಅರ್ಧ ಗಂಟೆ ಹಾಗೇ ಬಿಟ್ಟು ಗೇಜಿನ ಮುಳ್ಳನ್ನು ಗಮನಿಸಬೇಕು. ಪ್ಲಗ್ಗುಗಳ ಬಳಿ ಸೋರಿದರೆ ಒತ್ತಡ ಇಳಿಸಿ ಬಿಗಿ ಮಾಡಿ ಮತ್ತೆ ನೋಡಬಹುದು. ಆದರೆ ವೆಲ್ಡಿನ ಗೆರೆಯಲ್ಲೋ ತಳದಲ್ಲೋ ಬೆವರಿನ ಹನಿಯಷ್ಟು ತೇವ ಕಾಣಿಸಿಕೊಂಡರೂ, ಒತ್ತಡ ಇಳಿಸಿದ ಮೇಲೆ ಸುತ್ತಳತೆ ಮೊದಲಿನ ಅಳತೆಗೆ ಮರಳದಿದ್ದರೂ ಆ ಟ್ಯಾಂಕಿಗೆ ಇನ್ನೆಂದೂ ಗಾಳಿ ತುಂಬಬಾರದು. ತೇವ ಕಂಡ ಜಾಗಕ್ಕೆ ವೆಲ್ಡಿಂಗ್ ಹಾಕಿಸಿ ಸರಿ ಮಾಡುತ್ತೇನೆ ಎನ್ನುವವರ ಮಾತಿಗೆ ಒಪ್ಪಬಾರದು. ಅಲ್ಲಿ ಸೋರಿದ ಲೋಹ ಅದರ ಅಕ್ಕಪಕ್ಕದಲ್ಲೂ ತೆಳುವಾಗಿರುತ್ತದೆ, ವೆಲ್ಡಿನ ಬಿಸಿ ಅದನ್ನು ಮತ್ತಷ್ಟು ದುರ್ಬಲಗೊಳಿಸುತ್ತದೆ. ಗೆದ್ದ ಟ್ಯಾಂಕಿಗೂ ಕಾಲು, ಹಿಡಿ, ಪಟ್ಟಿ ಎಂದು ಹೊಸದಾಗಿ ಯಾವುದನ್ನೂ ವೆಲ್ಡ್ ಮಾಡಬಾರದು. ಕೂರಿಸಲು ಪಟ್ಟಿ ಬಿಗಿಯುವ ಕ್ಲ್ಯಾಂಪ್ ಇಲ್ಲವೇ ಮರದ ತೊಟ್ಟಿಲು ಸಾಕು.

ಫ್ರಿಜ್ ಕಂಪ್ರೆಸರಿನಿಂದ ಸದ್ದಿಲ್ಲದ ಗಾಳಿಯಂತ್ರ

ಹಳೆಯ ಭಾಗಗಳಿಂದ ಆಗುವ ಕೆಲಸಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು. ಪಂಕ್ಚರ್ ಅಂಗಡಿಯ ಯಂತ್ರ ಬೀದಿಗೆಲ್ಲ ಕೇಳಿಸಿದರೆ, ಫ್ರಿಜ್ಜಿನ ಕಂಪ್ರೆಸರ್ ಪಕ್ಕದ ಕೋಣೆಗೂ ಕೇಳಿಸದು. ಏರ್‌ಬ್ರಷ್‌ನಿಂದ ಬಣ್ಣ ಹಾಕುವುದು, ಯಂತ್ರದ ಧೂಳು ಊದುವುದು, ಸ್ಕೂಟರ್ ಟೈರಿಗೆ ಗಾಳಿ ಹಾಕುವುದು ಇಷ್ಟಕ್ಕೆ ಅದು ಸಾಕು. ಸ್ಪ್ರೇ ಗನ್ ಹಿಡಿದು ಬಾಗಿಲಿಗೆ ಪಾಲಿಶ್ ಹೊಡೆಯುವ ಶಕ್ತಿ ಅದಕ್ಕಿಲ್ಲ.

ಮೊದಲು ಫ್ರಿಜ್ಜಿನ ಬೆನ್ನಿನ ಫಲಕದಲ್ಲಿ ಯಾವ ಗ್ಯಾಸ್ ಎಂದು ಓದಬೇಕು. ತೀರಾ ಹಳೆಯವುಗಳಲ್ಲಿ ಆರ್-12 ಇರುತ್ತದೆ. ಓಝೋನ್ ಪದರವನ್ನು ಹಾಳುಮಾಡುವ ಈ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಜಗತ್ತು ಕೈಬಿಟ್ಟಿತು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು, 2010ರ ಹೊತ್ತಿಗೆ ಇಲ್ಲಿಯೂ ಅದರ ತಯಾರಿಕೆ ನಿಂತಿತು. ಆಮೇಲಿನವುಗಳಲ್ಲಿ ಆರ್-134ಎ, ಹೊಸದರಲ್ಲಿ ಆರ್-600ಎ. ಈ ಕೊನೆಯದು ಐಸೊಬ್ಯೂಟೇನ್, ಅಂದರೆ ಅಡುಗೆ ಅನಿಲದ ನೆಂಟ; ಹೊತ್ತಿಕೊಳ್ಳುತ್ತದೆ. ಯಾವ ಗ್ಯಾಸ್ ಆದರೂ ಅದನ್ನು ಹೊರಗೆ ಬಿಡದೆ ರಿಕವರಿ ಯಂತ್ರವಿರುವ ಮೆಕ್ಯಾನಿಕ್ ಒಬ್ಬರಿಂದ ತೆಗೆಸಬೇಕು, ಅನಂತರವೂ ಕೊಳವೆಗಳನ್ನು ಬಯಲಿನಲ್ಲಿಟ್ಟು ಟ್ಯೂಬ್ ಕಟ್ಟರ್‌ನಿಂದ ಕತ್ತರಿಸಬೇಕು. ಬೆಂಕಿ ಹಚ್ಚಿ ಬೆಸುಗೆ ಬಿಡಿಸುವುದು ಬೇಡ: ಆರ್-600ಎ ಹೊತ್ತಿಕೊಳ್ಳುತ್ತದೆ, ಹಳೆಯ ಗ್ಯಾಸುಗಳು ಜ್ವಾಲೆಯಲ್ಲಿ ವಿಷಾನಿಲವಾಗುತ್ತವೆ.

ಕಂಪ್ರೆಸರಿನಿಂದ ಸಾಮಾನ್ಯವಾಗಿ ಮೂರು ಕೊಳವೆ ಹೊರಬಂದಿರುತ್ತವೆ. ಯಾವುದು ಯಾವುದೆಂದು ತಿಳಿಯಲು ಕ್ಷಣಕಾಲ ಓಡಿಸಿ ಒಂದೊಂದರ ಬಾಯಿಗೂ ಬೆರಳ ತುದಿ ಹಿಡಿದರೆ ಸಾಕು. ಎರಡು ಕೊಳವೆಗಳು ಬೆರಳನ್ನು ಎಳೆದುಕೊಳ್ಳುತ್ತವೆ, ಒಂದು ತಳ್ಳುತ್ತದೆ. ತಳ್ಳುವುದೇ ಗಾಳಿ ಕೊಡುವ ಕೊಳವೆ. ಎಳೆಯುವ ಎರಡೂ ಒಳಗೆ ಒಂದೇ ಡಬ್ಬಕ್ಕೆ ತೆರೆದುಕೊಂಡಿರುವುದರಿಂದ, ಒಂದಕ್ಕೆ ಬೈಕಿನ ಪೆಟ್ರೋಲ್ ಫಿಲ್ಟರಿನಂಥ ಸಣ್ಣ ಫಿಲ್ಟರ್ ಹಾಕಿ, ಇನ್ನೊಂದನ್ನು ಎಣ್ಣೆ ಹಾಕಲು ಇಟ್ಟುಕೊಂಡು ಮುಚ್ಚಳ ಬಿಗಿಯಬಹುದು. ಕಂಪ್ರೆಸರನ್ನು ಬೋರಲು ಹಾಕಿ ಹಳೆಯ ಎಣ್ಣೆಯನ್ನು ಅಳತೆಯ ಪಾತ್ರೆಗೆ ಸುರಿದುಕೊಳ್ಳಬೇಕು. ಘಾಟು ವಾಸನೆ ಬಂದು ಕಪ್ಪಗಿದ್ದರೆ ಒಳಗಿನ ಮೋಟರ್ ಸುಟ್ಟಿದೆ ಎಂದರ್ಥ, ಮುಂದುವರಿಯುವುದು ಬೇಡ. ಚೆನ್ನಾಗಿದ್ದರೆ ಎಷ್ಟು ಬಂದಿತೋ ಅಷ್ಟೇ ಅಳತೆಯ ಹೊಸ ಕಂಪ್ರೆಸರ್ ಎಣ್ಣೆಯನ್ನು ತುಂಬಬೇಕು. ಎಂಜಿನ್ ಆಯಿಲ್ ಇದಕ್ಕೆ ಆಗದು.

ವಿದ್ಯುತ್ ಜೋಡಣೆಯಲ್ಲಿ ಗೊಂದಲವಾಗುವುದು ಮೂರು ಪಿನ್ನುಗಳ ವಿಷಯದಲ್ಲಿ. ರಿಲೇ (ಮೋಟರನ್ನು ಹೊರಡಿಸುವ ಸ್ವಿಚ್ಚು) ಮತ್ತು ಓವರ್‌ಲೋಡ್ (ಹೊರೆ ಹೆಚ್ಚಾದರೆ ಕರೆಂಟು ಕಡಿಯುವ ಭಾಗ) ಬಿಚ್ಚಿ, ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಎರಡೆರಡು ಪಿನ್ನಿನ ನಡುವೆ ಅಳೆಯಬೇಕು. ಉದಾಹರಣೆಗೆ 12, 20, 32 ಎಂದು ಬಂದಿತೆನ್ನೋಣ. 32 ತೋರಿಸಿದ ಎರಡು ಪಿನ್ನುಗಳನ್ನು ಬಿಟ್ಟು ಉಳಿದದ್ದು ಕಾಮನ್. ಕಾಮನ್‌ನಿಂದ 12 ತೋರಿಸುವುದು ರನ್ನಿಂಗ್, 20 ತೋರಿಸುವುದು ಸ್ಟಾರ್ಟಿಂಗ್. ಯಾವುದೇ ಪಿನ್ನಿಗೂ ಹೊರಮೈಗೂ ನಡುವೆ ಮೀಟರ್ ಏನನ್ನೂ ತೋರಿಸಬಾರದು. ತೋರಿಸಿದರೆ ಮೈಗೆ ಕರೆಂಟು ಬರುತ್ತಿದೆ ಎಂದರ್ಥ, ಗುಜರಿಗೆ ಮರಳಿಸಬೇಕು. ರಿಲೇ, ಓವರ್‌ಲೋಡ್ ಎರಡನ್ನೂ ಇದ್ದ ಹಾಗೆಯೇ ಮತ್ತೆ ಕೂರಿಸಬೇಕು. ಅರ್ಥಿಂಗ್ ತಂತಿ ಕಡ್ಡಾಯ, ಮತ್ತು ಪ್ಲಗ್ ಪಾಯಿಂಟಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರಬೇಕು.

ಇನ್ನು ಒತ್ತಡದ ಕಡೆಯ ಜೋಡಣೆ. ಕಂಪ್ರೆಸರಿನಿಂದ ಹೊರಟ ಬಿಸಿ ಗಾಳಿಯನ್ನು ನೇರವಾಗಿ ಟ್ಯಾಂಕಿಗೆ ಬಿಡುವ ಬದಲು, ಅದೇ ಫ್ರಿಜ್ಜಿನ ಬೆನ್ನಿಗಿದ್ದ ಕಪ್ಪು ಜಾಲರಿಯ ಮೂಲಕ ಹಾಯಿಸಿದರೆ ಗಾಳಿ ತಣ್ಣಗಾಗಿ ನೀರು ಅಲ್ಲೇ ಬೇರ್ಪಡುತ್ತದೆ. ಆ ಜಾಲರಿ ಗ್ಯಾಸಿನ ಹೆಚ್ಚಿನ ಒತ್ತಡವನ್ನು ತಡೆದುಕೊಂಡೇ ಬಂದದ್ದು. ಅದರ ತುದಿಯ ಕೂದಲೆಳೆಯಂಥ ಕ್ಯಾಪಿಲರಿ ಮತ್ತು ಫಿಲ್ಟರನ್ನು ಕತ್ತರಿಸಿ ತೆಗೆಯಬೇಕು, ಇಲ್ಲವಾದರೆ ಗಾಳಿಗೆ ದಾರಿಯೇ ಇರದು. ಜಾಲರಿಯ ಕೆಳತುದಿಯಲ್ಲಿ ನೀರು ಹಿಡಿಯುವ ಸಣ್ಣ ಡಬ್ಬ, ಅನಂತರ ಎನ್‌ಆರ್‌ವಿ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು), ಅನಂತರ ಟ್ಯಾಂಕು. ಟ್ಯಾಂಕಿನ ಮೇಲೆ ಪ್ರೆಶರ್ ಸ್ವಿಚ್, ಗೇಜು, ಹೊರಹೋಗುವ ವಾಲ್ವು, ಮತ್ತು ತನ್ನದೇ ತೂತಿನಲ್ಲಿ ನೇರವಾಗಿ ಕೂತ ಸೇಫ್ಟಿ ವಾಲ್ವ್. ಟ್ಯಾಂಕಿಗೂ ಸೇಫ್ಟಿ ವಾಲ್ವಿಗೂ ನಡುವೆ ಮತ್ತೊಂದು ವಾಲ್ವು ಎಂದೂ ಇರಕೂಡದು. ಸೇಫ್ಟಿ ವಾಲ್ವನ್ನು ಮಾತ್ರ ಹೊಸದಾಗಿಯೇ ಕೊಳ್ಳಬೇಕು. ಅದು ಬಿಚ್ಚಿಕೊಳ್ಳುವ ಒತ್ತಡ ನಾಮಫಲಕದ ಒತ್ತಡವನ್ನು ಮೀರಬಾರದು. ಪ್ರೆಶರ್ ಸ್ವಿಚ್ 6 ಬಾರ್‌ನಲ್ಲಿ ನಿಲ್ಲುವಂತೆಯೂ 4 ಬಾರ್‌ನಲ್ಲಿ ಹೊರಡುವಂತೆಯೂ ಇದ್ದರೆ ಈ ಸಣ್ಣ ಯಂತ್ರಕ್ಕೆ ಹಿತ.

ಪೈಪಿನ ಬಗ್ಗೆ ಒಂದು ಮಾತು. ಮಂಡ್ಯದ ಕಡೆ ಗದ್ದೆಗೆ ನೀರು ಹಾಯಿಸಿ ಉಳಿದ ಪಿವಿಸಿ ಪೈಪಿನ ತುಂಡು ಪ್ರತಿಯೊಂದು ಮನೆಯ ಅಟ್ಟದಲ್ಲೂ ಇರುತ್ತದೆ. ಗಾಳಿಗೆ ಅದನ್ನು ಬಳಸಬಾರದು. ನೀರಿನ ಒತ್ತಡಕ್ಕೆ ತಡೆಯುವ ಪಿವಿಸಿ, ಗಾಳಿಯ ಒತ್ತಡದಲ್ಲಿ ಒಡೆದಾಗ ಚೂರು ಚೂರಾಗಿ ಸಿಡಿಯುತ್ತದೆ. ತಾಮ್ರದ ಕೊಳವೆ, ಕಬ್ಬಿಣದ ಪೈಪು, ಗಾಳಿಗೆಂದೇ ಮಾರುವ ರಬ್ಬರ್ ಹೋಸು, ಇವು ಸಾಕು.

ಈ ಯಂತ್ರಕ್ಕೆ ಎರಡು ದೌರ್ಬಲ್ಯಗಳಿವೆ. ಒಂದು, ಕೊಳವೆಯಲ್ಲಿ ಒತ್ತಡ ಉಳಿದಿದ್ದರೆ ಅದು ಹೊರಡುವುದೇ ಇಲ್ಲ, ಗುಂಯ್ಗುಟ್ಟಿ ಓವರ್‌ಲೋಡ್ ಬೀಳುತ್ತದೆ. ಹೀಗಾಗಿ ನಿಂತ ಕೂಡಲೇ ಎನ್‌ಆರ್‌ವಿಯ ಹಿಂದಿನ ಗಾಳಿಯನ್ನು ಹೊರಬಿಡುವ ಅನ್‌ಲೋಡರ್ ಇರುವ ಪ್ರೆಶರ್ ಸ್ವಿಚ್ ಬೇಕು. ಹಳೆಯ ಬೆಲ್ಟ್ ಕಂಪ್ರೆಸರಿನ ಸ್ವಿಚ್ಚಿನಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ, ನಿಂತಾಗ ಕೇಳುವ ‘ಪುಸ್’ ಎಂಬ ಸದ್ದು ಅದರದೇ. ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುವ ಕಡೆ ಹೊರಡುವ ತೊಂದರೆ ಇನ್ನೂ ಹೆಚ್ಚು. ಫ್ರಿಜ್ಜಿನ ಜೊತೆ ಬರುವ, ತಡವಾಗಿ ಕರೆಂಟು ಬಿಡುವ ಸ್ಟೆಬಿಲೈಸರನ್ನೇ ಇಲ್ಲೂ ಬಳಸಬಹುದು. ಎರಡನೆಯ ದೌರ್ಬಲ್ಯ ಬಿಸಿ. ಫ್ರಿಜ್ಜಿನಲ್ಲಿದ್ದಾಗ ಮರಳಿ ಬರುವ ತಣ್ಣನೆಯ ಗ್ಯಾಸ್ ಮೋಟರನ್ನು ತಂಪಾಗಿ ಇಡುತ್ತಿತ್ತು. ಈಗ ಅದು ಎಳೆಯುವುದು ಕೋಣೆಯ ಗಾಳಿಯನ್ನು. ಸಣ್ಣ ಫ್ರಿಜ್ ಕಂಪ್ರೆಸರ್ ನಿಮಿಷಕ್ಕೆ ಹೆಚ್ಚೆಂದರೆ 20 ಲೀಟರ್ ಗಾಳಿ ಎಳೆಯಬಲ್ಲದು, ಒತ್ತಡ ಏರಿದಂತೆ ಅದೂ ಕಡಿಮೆಯಾಗುತ್ತದೆ. 24 ಲೀಟರ್ ಟ್ಯಾಂಕನ್ನು 6 ಬಾರ್‌ಗೆ ತುಂಬಲು 144 ಲೀಟರ್ ಗಾಳಿ ಬೇಕಾದ್ದರಿಂದ ಹತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ. ಅಷ್ಟು ಓಡಿದ ಮೇಲೆ ಅಷ್ಟೇ ಹೊತ್ತು ವಿಶ್ರಾಂತಿ ಕೊಡಬೇಕು. ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾದರೆ ಹಳೆಯ ಏಸಿಯ ಫ್ಯಾನೊಂದನ್ನು ಅದರತ್ತ ತಿರುಗಿಸಿಡಬಹುದು.

ಏಸಿಯ ಕಂಪ್ರೆಸರನ್ನು ಬಳಸಬಹುದೇ ಎಂಬ ಪ್ರಶ್ನೆ ಬರುತ್ತದೆ. ಅವು ಹೆಚ್ಚಾಗಿ ರೋಟರಿ ಬಗೆಯವು, ಅವುಗಳ ಹೊರಡಬ್ಬವೇ ಪೂರ್ತಿ ಒತ್ತಡದಲ್ಲಿರುತ್ತದೆ, ಕರೆಂಟೂ ಹೆಚ್ಚು ಎಳೆಯುತ್ತವೆ. ಮನೆಯ ಪ್ರಯೋಗಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ಅದೇ ಕಂಪ್ರೆಸರ್, ಹಿಮ್ಮುಖವಾಗಿ

ಎಳೆಯುವ ಕೊಳವೆಗೆ ಹೋಸು ಸಿಕ್ಕಿಸಿದರೆ ಫ್ರಿಜ್ ಕಂಪ್ರೆಸರ್ ಒಳ್ಳೆಯ ನಿರ್ವಾತ ಪಂಪಾಗುತ್ತದೆ, ಮತ್ತು ಇಲ್ಲಿ ಟ್ಯಾಂಕಿನ ಭಯವೂ ಇಲ್ಲ. ಬೀಟೆ ಮರದ ಇನ್‌ಲೇ ಕೆಲಸಕ್ಕೆ ಹೆಸರಾದ ಮೈಸೂರಿನಲ್ಲಿ ಇದರ ಉಪಯೋಗ ಹೇಳಿಕೊಡಬೇಕಿಲ್ಲ. ತೆಳು ಹಲಗೆಯನ್ನು ದಪ್ಪ ಹಲಗೆಗೆ ಅಂಟಿಸುವಾಗ ಕ್ಲ್ಯಾಂಪುಗಳು ಅಂಚನ್ನು ಒತ್ತುತ್ತವೆ, ನಡುವೆ ಉಬ್ಬು ಉಳಿಯುತ್ತದೆ. ಅಂಟು ಹಚ್ಚಿದ ಹಲಗೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿಯನ್ನು ಮರದ ಪಟ್ಟಿಗಳ ನಡುವೆ ಬಿಗಿದು, ಒಳಗಿನ ಗಾಳಿ ಎಳೆದರೆ ಹೊರಗಿನ ವಾತಾವರಣವೇ ಎಲ್ಲ ಕಡೆ ಸಮನಾಗಿ ಒತ್ತುತ್ತದೆ. ಒಂದಡಿ ಚದರದ ಹಲಗೆಯ ಮೇಲೆ 600 ಮಿಲಿಮೀಟರ್ (ಪಾದರಸದ ಅಳತೆ) ನಿರ್ವಾತದಲ್ಲಿ ಬೀಳುವ ಭಾರ 700 ಕಿಲೋಗೂ ಹೆಚ್ಚು. ಗಾಳಿ ಸರಾಗವಾಗಿ ಹೊರಬರಲು ಹಲಗೆಯ ಮೇಲೆ ಸೊಳ್ಳೆಪರದೆಯ ಜಾಲರಿಯ ಒಂದು ತುಂಡು ಹಾಸಬೇಕು. ಅಂಟು ಪಂಪಿನೊಳಗೆ ಹೋಗದಂತೆ ನಡುವೆ ದಪ್ಪ ಗಾಜಿನ ಬಾಟಲಿಯೊಂದನ್ನು ಕಟ್ಟಿ, ಬಾಟಲಿಗೆ ಬಟ್ಟೆ ಸುತ್ತಬೇಕು. ಪಂಪ್ ತಳ್ಳುವ ತುದಿಯಿಂದ ಎಣ್ಣೆಯ ಮಂಜು ಬರುತ್ತದೆ. ಆ ಕೊಳವೆಯನ್ನು ಹಳೆಯ ಬಟ್ಟೆ ತುರುಕಿದ ಡಬ್ಬಕ್ಕೆ ಬಿಡುವುದು ಒಳಿತು.

ಗೇಜು ನೋಡಿ ಪಂಪ್ ಸರಿಯಿಲ್ಲವೆಂದು ಬಿಸಾಡುವವರಿದ್ದಾರೆ. ಪುಸ್ತಕದಲ್ಲಿ ಪೂರ್ಣ ನಿರ್ವಾತವೆಂದರೆ 760 ಮಿಲಿಮೀಟರ್. ಆದರೆ ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದು ಇಲ್ಲಿಯ ವಾತಾವರಣದ ಒತ್ತಡವೇ 690 ಮಿಲಿಮೀಟರಿನ ಹತ್ತಿರವಿದೆ. ಎಂಥ ಪಂಪ್ ಹಾಕಿದರೂ ಮುಳ್ಳು ಅದನ್ನು ದಾಟದು. 650ರ ಸುತ್ತಮುತ್ತ ನಿಂತರೆ ಪಂಪ್ ಚೆನ್ನಾಗಿಯೇ ಇದೆ.

ಬೆಲ್ಟ್ ಕಂಪ್ರೆಸರಿನ ಬಿಡಿಭಾಗಗಳು

ಟ್ಯಾಂಕು ಸೋತು ಹೆಡ್ (ಪಿಸ್ಟನ್, ವಾಲ್ವುಗಳಿರುವ, ಗಾಳಿ ಒತ್ತುವ ಭಾಗ) ಚೆನ್ನಾಗಿರುವ ಯಂತ್ರಗಳು ಗುಜರಿಯಲ್ಲಿ ಹೆಚ್ಚು. ಹೆಡ್ಡಿನ ಆರೋಗ್ಯ ತಿಳಿಯುವುದು ಸುಲಭ. ಓಡುವಾಗ ಗಾಳಿ ಎಳೆಯುವ ಫಿಲ್ಟರಿನಿಂದಲೇ ಗಾಳಿ ವಾಪಸು ಊದುತ್ತಿದ್ದರೆ ಒಳಗಿನ ಎಳೆಯುವ ವಾಲ್ವಿನ ಎಲೆ ಕೂರುತ್ತಿಲ್ಲ. ಯಂತ್ರ ನಿಂತ ಮೇಲೆ ಸ್ವಿಚ್ಚಿನ ಬಳಿ ‘ಪುಸ್’ ಎಂಬ ಸದ್ದು ನಿಲ್ಲದೆ ಮುಂದುವರಿದರೆ ಹೆಡ್ಡಿನ ದೋಷವಲ್ಲ, ಎನ್‌ಆರ್‌ವಿ ಹೋಗಿದೆ. ಎಣ್ಣೆ ಕೊಟ್ಟಷ್ಟೂ ಗಾಳಿಯ ಜೊತೆ ಹೊರಗೆ ಬರುತ್ತಿದ್ದರೆ ಪಿಸ್ಟನ್ ರಿಂಗು ಸವೆದಿದೆ. ವಾಲ್ವಿನ ಪ್ಲೇಟನ್ನು ಬಿಚ್ಚಿ, ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿ, ಕೊನೆಗೆ 600 ನಂಬರಿನಲ್ಲಿ ನುಣುಪು ಮಾಡಿದರೆ ಬಹಳಷ್ಟು ಹೆಡ್‌ಗಳು ಮತ್ತೆ ಗಾಳಿ ಹಿಡಿಯುತ್ತವೆ. ಎಲೆಗಳಲ್ಲಿ ಬಿರುಕಿದ್ದರೆ ಹೊಸದು ಹಾಕಬೇಕು. ಮರಳಿ ಜೋಡಿಸುವಾಗ ಫ್ಲೈವೀಲಿನ ಮೇಲಿನ ಬಾಣದ ಗುರುತಿಗೆ ತಕ್ಕಂತೆ ಮೋಟರ್ ತಿರುಗುತ್ತಿದೆಯೇ ನೋಡಬೇಕು, ಏಕೆಂದರೆ ಆ ಚಕ್ರದ ಕಡ್ಡಿಗಳೇ ಫ್ಯಾನು. ತಿರುಗುಮುರುಗಾದರೆ ಗಾಳಿ ಹೆಡ್ಡಿಗೆ ಬಡಿಯದೆ ಅದು ಕಾದು ಕೂರುತ್ತದೆ.

ಮೋಟರ್ ಮಾತ್ರ ಸಿಕ್ಕಿದರೂ ಲಾಭವೇ. 1440 ಆರ್‌ಪಿಎಂ ಎಂದು ಬರೆದ ಒಂದು ಎಚ್‌ಪಿ ಮೋಟರಿಗೆ ಹತ್ತಿಂಚಿನ ತಟ್ಟೆ ಕೂರಿಸಿ ಉಪ್ಪುಕಾಗದ ಅಂಟಿಸಿದರೆ ಮರದ ಅಂಚು ಸಮ ಮಾಡುವ ಡಿಸ್ಕ್ ಸ್ಯಾಂಡರ್ ಆಗುತ್ತದೆ. ತಟ್ಟೆಯನ್ನು ಲೇತ್ ಅಂಗಡಿಯಲ್ಲೇ ಮಾಡಿಸಿ ಶಾಫ್ಟಿಗೆ ಕೀಲಿಯಿಂದ ಬಿಗಿಸಬೇಕು. ಮೋಟರ್ ಪೂರ್ತಿ ಮುಚ್ಚಿದ ಬಗೆಯದಾಗಿರಲಿ. ಕಿಟಕಿಯಿರುವ ಮೋಟರಿನೊಳಗೆ ಮರದ ಹೊಟ್ಟು ಸೇರಿ ಬೆಂಕಿಗೆ ದಾರಿಯಾಗುತ್ತದೆ. ಕರೆಂಟು ತೆಗೆದಾಗ ಮೋಟರ್ ನಿಧಾನವಾಗುತ್ತಾ ಬಂದು ಒಂದು ಹಂತದಲ್ಲಿ ‘ಟಿಕ್’ ಎನ್ನಬೇಕು. ಅದು ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ ಮರಳಿ ಕೂತ ಸದ್ದು. ಕೇಳಿಸದಿದ್ದರೆ ಸ್ವಿಚ್ ಅಂಟಿಕೊಂಡಿದೆ. ಕೆಪ್ಯಾಸಿಟರನ್ನು ಮುಟ್ಟುವ ಮುನ್ನ ಹಳೆಯ ಕಾಲದ 100 ವ್ಯಾಟ್ ಬಲ್ಬನ್ನು ಅದರ ತುದಿಗಳಿಗೆ ತಾಗಿಸಿ ಒಳಗಿನ ಚಾರ್ಜ್ ಇಳಿಸಬೇಕು. ಉಳಿದ ಫ್ಲೈವೀಲ್ ತನ್ನ ತೂಕದಿಂದಲೇ ಗ್ರೈಂಡರ್ ಸ್ಟ್ಯಾಂಡಿಗೆ ಒಳ್ಳೆಯ ಪಾದ.

ಸೋತ ಟ್ಯಾಂಕಿಗೆ ಗರಗಸ

ಗಾಳಿ ಟ್ಯಾಂಕಾದರೂ ಕತ್ತರಿಸುವ ಮುನ್ನ ತೊಳೆಯಬೇಕು. ವರ್ಷಗಟ್ಟಲೆ ಬಂದ ಕಂಪ್ರೆಸರ್ ಎಣ್ಣೆ ತಳದಲ್ಲಿ ಅಂಟಿರುತ್ತದೆ, ಬಿಸಿ ತಾಗಿದರೆ ಅದೂ ಹೊತ್ತಿಕೊಳ್ಳಬಲ್ಲದು. ಎಲ್ಲ ಪ್ಲಗ್ ತೆಗೆದು, ವಾಷಿಂಗ್ ಸೋಡ ಬೆರೆಸಿದ ಬಿಸಿನೀರು ಹಾಕಿ ಕುಲುಕಿ ಎರಡು ಮೂರು ಸಲ ಚೆಲ್ಲಿ, ಆಮೇಲೆ ಕತ್ತರಿಸುವ ಗೆರೆಯ ತುಸು ಕೆಳಗಿನವರೆಗೆ ನೀರು ತುಂಬಿ ನಿಲ್ಲಿಸಬೇಕು. ಒಂದು ತೂತು ತೆರೆದೇ ಇರಬೇಕು. ಗೆರೆ ನೇರವಾಗಿ ಬರಲು ಉದ್ದನೆಯ ಡ್ರಾಯಿಂಗ್ ಶೀಟಿನ ಪಟ್ಟಿಯನ್ನು ಟ್ಯಾಂಕಿಗೆ ಸುತ್ತಿ, ಅದರ ಎರಡು ತುದಿಯ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂತಾಗ ಅಂಚಿನುದ್ದಕ್ಕೂ ಗುರುತು ಹಾಕಬೇಕು. ನೀರಿನ ಪಕ್ಕದಲ್ಲಿ ಕರೆಂಟಿನ ಗ್ರೈಂಡರ್ ಹಿಡಿಯುವುದಕ್ಕಿಂತ ಹ್ಯಾಕ್ಸಾ ಅಥವಾ ಬ್ಯಾಟರಿಯ ಕಟ್ಟರ್ ವಾಸಿ. ಕನ್ನಡಕ, ಕೈಗವಸು ಹಾಕಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಏಸಿ ಗ್ಯಾಸಿನ ಡಬ್ಬವಾದರೆ, ಮೆಕ್ಯಾನಿಕ್‌ನಿಂದ ಉಳಿದ ಗ್ಯಾಸ್ ತೆಗೆಸಿ, ವಾಲ್ವು ತೆರೆದು ಒಂದು ದಿನ ಬಯಲಲ್ಲಿಟ್ಟು, ಇದೇ ಕ್ರಮದಲ್ಲಿ ನೀರು ತುಂಬಿ ಕತ್ತರಿಸಬಹುದು. ಆರ್-32, ಆರ್-290 ಎಂದು ಬರೆದವು ಹೊತ್ತಿಕೊಳ್ಳುವ ಗ್ಯಾಸಿನವು, ಅವನ್ನು ಬಿಟ್ಟುಬಿಡಬೇಕು. ಕತ್ತರಿಸಿದ ಡಬ್ಬದಿಂದ ವ್ಯಾಕ್ಯೂಮ್ ಕ್ಲೀನರಿಗೆ ಧೂಳು ಹಿಡಿಯುವ ಪಾತ್ರೆ ಮಾಡಬಹುದು. ಮೇಲೆ ಪ್ಲೈವುಡ್ ಮುಚ್ಚಳ ಬಿಗಿದು, ಹೊಟ್ಟು ಬರುವ ಪೈಪು ಪಕ್ಕದ ಗೋಡೆಗೆ ಓರೆಯಾಗಿ ಊದುವಂತೆಯೂ, ಕ್ಲೀನರಿಗೆ ಹೋಗುವ ಪೈಪು ಮುಚ್ಚಳದ ನಡುವಿನಿಂದ ಹೊರಡುವಂತೆಯೂ ಕೂರಿಸಿದರೆ, ಗಾಳಿ ಸುತ್ತುವಾಗ ಹೊಟ್ಟು ಗೋಡೆಗೆ ಬಡಿದು ತಳಕ್ಕೆ ಬೀಳುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಒಳಕ್ಕೆ ಕುಸಿಯುವಂತೆ ಈ ತಗಡು ಕುಸಿಯುವುದಿಲ್ಲ.

ಲಾರಿ ಟ್ಯಾಂಕನ್ನು ಉದ್ದಕ್ಕೆ ಸೀಳಿದರೆ ಕುಲುಮೆಯ ತೊಟ್ಟಿ ಸಿಗುತ್ತದೆ, ಕಬ್ಬು ಕಡಿಯುವ ಮಚ್ಚು, ಕುಡುಗೋಲುಗಳನ್ನು ಕಾಯಿಸಿ ತಟ್ಟುವಷ್ಟಕ್ಕೆ ಅದು ಧಾರಾಳ. ಮೊದಲು ಹೊರಗಿನ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲವಾದರೆ ಕಾದಾಗ ಹೊಗೆ ಬರುತ್ತದೆ. ಒಳಗೆ ಎರಡು ಇಂಚು ದಪ್ಪ ಬೆಂಕಿಮಣ್ಣು ಮೆತ್ತಿ ನೆರಳಿನಲ್ಲಿ ಒಣಗಿಸಿ, ತಳದಲ್ಲಿ ತೂತು ಕೊರೆದ ಒಂದೂವರೆ ಇಂಚಿನ ಕಬ್ಬಿಣದ ಪೈಪು ಹಾಯಿಸಿ ಅದರ ಮೂಲಕ ಗಾಳಿ ಊದಿದರೆ ಇದ್ದಿಲು ಚೆನ್ನಾಗಿ ಕಾಯುತ್ತದೆ. ಜಿಐ ಪೈಪು ಬೇಡ, ಅದರ ಸತುವಿನ ಹೊಗೆ ಜ್ವರ ತರಿಸುತ್ತದೆ. ಕಂಪ್ರೆಸರಿನ ಗಾಳಿಯನ್ನೂ ಇಲ್ಲಿಗೆ ಜೋಡಿಸಬಾರದು: ಕುಲುಮೆಗೆ ಬೇಕಾದದ್ದು ಕಡಿಮೆ ಒತ್ತಡದ ಹೆಚ್ಚು ಗಾಳಿ, ಕೈಯಿಂದ ತಿರುಗಿಸುವ ಬ್ಲೋವರ್ ಅದನ್ನು ಉತ್ತಮವಾಗಿ ಕೊಡುತ್ತದೆ. ಟ್ಯಾಂಕಿನ ಗುಮ್ಮಟದಂಥ ತುದಿಗಳಲ್ಲಿ ಒಂದು ಕಾದ ಕಬ್ಬಿಣ ಅದ್ದುವ ನೀರಿನ ತೊಟ್ಟಿಯಾದರೆ, ಇನ್ನೊಂದನ್ನು ಬೋರಲು ಹಾಕಿ ತಾಮ್ರದ ತಗಡನ್ನು ತಟ್ಟಿ ಬಟ್ಟಲಾಗಿಸುವ ಅಚ್ಚಾಗಿ ಬಳಸಬಹುದು.

ಗೆದ್ದ ಟ್ಯಾಂಕಿನ ಮುಂದಿನ ಆರೈಕೆ

ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವದ ತಿಂಗಳುಗಳಲ್ಲಿ ಟ್ಯಾಂಕಿನ ತಳದಲ್ಲಿ ನೀರು ಬೇಗ ಕೂಡುತ್ತದೆ; ಪ್ರತಿ ದಿನ ಕೆಲಸ ಮುಗಿದ ಮೇಲೆ ಸ್ವಲ್ಪ ಒತ್ತಡ ಇರುವಾಗಲೇ ಕೆಳಗಿನ ವಾಲ್ವು ತೆರೆದು ನೀರು ಊದಿಸಿ, ಆಮೇಲೆ ಟ್ಯಾಂಕನ್ನು ಪೂರ್ತಿ ಖಾಲಿ ಬಿಡಬೇಕು. ಸೇಫ್ಟಿ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು ಅದು ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಸಿದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ಕೂಡಿಟ್ಟು, ಹಳೆಯ ಎಂಜಿನ್ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಬೇಕು. ನೀರಿನ ಪರೀಕ್ಷೆಯನ್ನು ವರ್ಷಕ್ಕೊಮ್ಮೆ ಮತ್ತೆ ಮಾಡಿ, ಮಾಡಿದ ತಿಂಗಳು, ಕೊಟ್ಟ ಒತ್ತಡ ಮತ್ತು ಮುಂದಿನ ಪರೀಕ್ಷೆಯ ತಿಂಗಳನ್ನು ಟ್ಯಾಂಕಿನ ಮೈಮೇಲೆ ಬಿಳಿ ಬಣ್ಣದಲ್ಲಿ ಬರೆಯಬೇಕು. ಆ ತಿಂಗಳು ದಾಟಿದ್ದರೆ, ಪರೀಕ್ಷೆ ಮುಗಿಯುವವರೆಗೆ ಅದರ ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು ಬೇರೆಡೆ ಇಡಬೇಕು, ಮನೆಯ ಬೇರೆಯವರು ತಿಳಿಯದೆ ಸ್ವಿಚ್ ಹಾಕದಂತೆ.